ಎರಡು ಬೆರಳು ತಗ್ಗು

ಕಲಬುರ್ಗಿ, ಗಂಜಿನ ಹಿಂದಿನ ಓಣಿ
ಬುಧವಾರ, ತಾ. ೬-೨-೧೯೫೨

ಪ್ರೀತಿಯ ಶಿವಕಾಂತಾ,

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿನ್ನ ಯೋಗಕ್ಷೇಮ ಕೇಳುತ್ತೇನೆ. ಯೋಗಕ್ಷೇಮದಿಂದ ಶುರು ಮಾಡಿದರೆ ಕಾಗದ ತುಂಬಿಹೋಗಿ ಈ ಮಾತು ಉಳಿದುಬಿಡುತ್ತದೆ. ಹಿಂದಿನ ಕಾಗದಗಳಲ್ಲಿ ಆದದ್ದು ಅದೇ. ನನಗೆ ನಿಮ್ಮಪ್ಪನೆಂದರೆ ಹೆದರಿಕೆ. ಮದುವೆಯ ದಿನದಿಂದಲೂ ಇದೆ. ತಾಳಿ ಕಟ್ಟುವಾಗ ನನ್ನ ಕೈ ನಡುಗಿದ್ದನ್ನು ನೋಡಿ, ನಿನ್ನನ್ನು ಕಂಡು ನಾಚಿಕೊಂಡೆನೆಂದು ನೀನು ತಿಳಿದೆ. ಅದನ್ನು ಎಷ್ಟೋ ಸಲ ಹೇಳಿ ನಕ್ಕಿದ್ದೀಯ, ನಾನೂ ಜೊತೆಗೆ ನಕ್ಕುಬಿಟ್ಟಿದ್ದೇನೆ. ನಿಜವೆಂದರೆ ಆಗ ಮಾವನವರು ಸರಿಯಾಗಿ ನಿನ್ನ ಬೆನ್ನ ಹಿಂದೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ರಜಾಕಾರರ ಗಲಾಟೆಯಲ್ಲಿ ಕಣಿಕೆಯ ಬಣವೆಯೊಳಗೆ ಅಡಗಿ ಕೂತಾಗಲೂ ನಾನು ಅಷ್ಟು ಬೆವತಿರಲಿಲ್ಲ. ಇರಲಿ, ಹೇಳಿದೆ. ಮೈ ಹಗುರಾಯಿತು.

ಈಗ ಹೇಳು, ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಕೂಸಿನ ಕುತ್ತಿಗೆ ಪೂರ್ತಿ ನಿಂತಿದೆಯೇ, ಇಲ್ಲ ಇನ್ನೂ ಆಚೆಗೆ ಈಚೆಗೆ ವಾಲುತ್ತದೆಯೇ? ನಿಮ್ಮ ಕಸ್ತೂರಿಬಾಯಿ ಅತ್ತೆ ಕಣ್ಣು ತೋರಿಸಲು ಇಲ್ಲಿಗೆ ಬಂದವರು ನಮ್ಮ ಮನೆಗೂ ಬಂದಿದ್ದಾರೆ. ಕೂಸು ಬೋರಲು ಬಿದ್ದು ತಲೆ ಎತ್ತಿ ನೋಡುತ್ತದೆ, ಥೇಟ್ ಅಜ್ಜನ ಹಾಗೆ ನೋಡುತ್ತದೆ ಎಂದರು. ಅದನ್ನು ಕೇಳಿ ಸಂತೋಷವಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಅವ್ವ ಆರಾಮ ಇದ್ದಾಳೆ. ನಾನೂ ಆರಾಮ, ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಅಷ್ಟೇ. ಅದು ಯಾಕೆ ಕಪ್ಪಾಯಿತೆಂದು ಮುಂದೆ ಗೊತ್ತಾಗುತ್ತದೆ. ಅತ್ತೆ ಸಂಜೆಯ ಬಸ್ಸಿಗೆ ಕಮಲಾಪುರಕ್ಕೆ ಮರಳುತ್ತಾರೆ, ಈ ಕಾಗದ ಅವರ ಕೈಲಿ ಕೊಡುತ್ತೇನೆ.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಏನಾಯಿತೆಂಬುದನ್ನು ನೀನು ಒಳಕೋಣೆಯಲ್ಲಿದ್ದು ಮಾವನವರ ಬಾಯಿಂದಷ್ಟೇ ಕೇಳಿದ್ದೀಯ. ನನ್ನ ಬಾಯಿಂದಲೂ ಕೇಳು. ಬಂದ ಮಂದಿಗೆ ಹಂಚಲು ತೋಟದಿಂದ ಕೆಂಬಾಳೆಯ ಗೊನೆ ತರೋಣವೆಂದು ಮಾವನವರನ್ನು ನನ್ನ ಮೋಟಾರು ಗಾಡಿಯಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು ಹೋದೆ. ಅವರು ಹೊಸ ರುಮಾಲು ಸುತ್ತಿದ್ದರು. ಬರುವಾಗ ಚಾವಡಿಯ ಹತ್ತಿರದ ಇಳುಕಲಿನಲ್ಲಿ ಒಂದು ಆಡು ಅಡ್ಡ ಬಂತು. ಬ್ರೇಕು ಒತ್ತಿದೆ. ಮೊದಲೇ ಮೂತಿ ತಗ್ಗಿದ ಗಾಡಿ. ಬ್ರೇಕು ಬಿದ್ದ ಕೂಡಲೇ ಮೊಳಕಾಲೂರಿದ ಎತ್ತಿನ ಹಾಗೆ ಇನ್ನಷ್ಟು ಕುಸಿಯಿತು. ಹಿಂದಿನ ಗೊನೆಗಳೆಲ್ಲ ಮುಂದಕ್ಕೆ ಜಾರಿ ನಮ್ಮ ಬೆನ್ನಿಗೆ ಬಡಿದವು. ಎದುರಿಗೆ ಗಾಜು ಇಲ್ಲವೆಂಬುದು ನಿನಗೆ ಗೊತ್ತೇ ಇದೆ. ಮಾವನವರ ರುಮಾಲು ಬಾನೆಟ್ಟಿನ ಮೇಲೆ ಹಾರಿ ನೆಟ್ಟಗೆ ಆಡಿನ ಮುಂದೆ ಹೋಗಿ ಬಿತ್ತು. ಆಡು ಓಡಲಿಲ್ಲ. ಮೂಸಿ ನೋಡಿತು. ಚಾವಡಿಯ ಕಟ್ಟೆಯ ಮೇಲಿದ್ದವರೆಲ್ಲ ನೋಡಿದರು. ಮಾವನವರು ಬೈದಿದ್ದರೆ ಬದುಕುತ್ತಿದ್ದೆ. ಅವರು ಇಳಿದು ಹೋಗಿ, ರುಮಾಲಿನ ಧೂಳು ಜಾಡಿಸಿ, ನಿಧಾನವಾಗಿ ಮತ್ತೆ ಸುತ್ತಿಕೊಂಡು ಹೇಳಿದರು: "ಅಳಿಯಂದಿರ, ಎತ್ತು ಮುಗ್ಗರಿಸಿದ್ರ ಸಂತ್ಯಾಗ ಮಾರ್ತೀವ್ರಿ. ನಿಮ್ಮ ಗಾಡಿ ನಿಂತಲ್ಲೇ ಮುಗ್ಗರಿಸ್ಯದ. ಇದು ನೆಟ್ಟಗ ನಿಂತ ದಿವಸ ಬಂದು ನನ್ನ ಮಗಳ್ನ, ಮೊಮ್ಮಗನ್ನ ಕರ್ಕೊಂಡು ಹೋಗ್ರಿ. ನಮಗೇನ್ ಅವಸರಿಲ್ರಿ. ಹುಡುಗ ನಡೀಲಾಕ ಕಲ್ತ ಮ್ಯಾಲ ತಾನೇ ನಿಮ್ಮೂರಿಗಿ ನಡ್ಕೊಂಡು ಬರ್ತಾನ."

ಹೊಸ ಬಂಡಿ ಕೊಳ್ಳುವಾಗ ಅವರು ಮಾಡುವ ಪರೀಕ್ಷೆಯನ್ನೇ ಇದಕ್ಕೂ ಇಟ್ಟರು. ಗಾಡಿಯ ಹಿಂದಿನ ಹಾಸಿನ ನಡುವೆ ಅಂಚಿನ ತನಕ ನೀರು ತುಂಬಿದ ತಂಬಿಗೆ ಇಡುವುದು. ಹನಿ ಚೆಲ್ಲಬಾರದು, ನೀರು ಒಂದು ಕಡೆಗೆ ವಾಲಬಾರದು. ಬಸ್ಸಿನ ನೂಕುನುಗ್ಗಲಿಗೆ ಕೂಸನ್ನು ಕೊಡುವುದಿಲ್ಲ, ಬಂಡಿಯಲ್ಲಿ ಅಷ್ಟು ದೂರ ಥಂಡಿಗೆ ಬೇಡ ಎಂದೂ ಅವರೇ ಹೇಳಿದ್ದರಿಂದ ನನಗೆ ಉಳಿದ ದಾರಿ ಒಂದೇ: ಗಾಡಿಯ ಮೂತಿ ಎತ್ತುವುದು. ಅಲ್ಲಿಯವರೆಗೆ ಹೆಂಡತಿಯೂ ಇಲ್ಲ, ಮಗನೂ ಇಲ್ಲ.

ಆ ಮೂತಿ ತಗ್ಗಿದ್ದು ನನ್ನಿಂದಲ್ಲ ಎಂಬುದನ್ನಾದರೂ ನೀನು ನಂಬು. ಪೊಲೀಸ್ ಆ್ಯಕ್ಷನ್ನಿನ ವರ್ಷ ಶಾಲೆಗೆ ಬೀಗ ಬಿತ್ತು. ಮತ್ತೆ ತೆರೆದಾಗ ಎಲ್ಲ ಹುಡುಗರೂ ಒಳಗೆ ಹೋದರು, ನಾನೊಬ್ಬ ಮಿಲಿಟರಿ ಲಾರಿಗಳ ಹಿಂದೆ ಹೋದೆ. ಹಾಗೆ ಹೋದವನು ಗುತ್ತಿಗೆದಾರನ ಹತ್ತಿರ ಕ್ಲೀನರ್ ಆದೆ, ಡ್ರೈವರ್ ಆದೆ. ಕೊನೆಗೆ ಅವನು ಪಗಾರ ಕೊಡಲಾಗದೆ ಅದರ ಬದಲಿಗೆ ಈ ಸಣ್ಣ ಲಾರಿಯನ್ನು ಕೊಟ್ಟು ಕೈ ತೊಳೆದುಕೊಂಡ. ಮಿಲಿಟರಿಯವರು ಕೆಸರಿನಲ್ಲಿ ಹೂತ ಲಾರಿಗಳನ್ನು ಎಳೆಯಲು ಇದರ ಮೂತಿಗೆ ಒಂದು ದೊಡ್ಡ ಕಬ್ಬಿಣದ ರಾಟೆ ಕಟ್ಟಿದ್ದರು. ಗುತ್ತಿಗೆದಾರ ಆ ರಾಟೆಯನ್ನು ಬಿಚ್ಚಿ ಮಾರಿಕೊಂಡಿದ್ದ. ಭಾರ ಹೋಯಿತು, ಭಾರ ಹೊತ್ತ ಸೋಲು ಉಳಿಯಿತು. ಜೀವಮಾನವೆಲ್ಲ ತಲೆಯ ಮೇಲೆ ಕೊಡ ಹೊತ್ತ ಮುದುಕಿ, ಕೊಡ ಇಳಿಸಿದ ಮೇಲೂ ಕುತ್ತಿಗೆ ಎತ್ತುವುದಿಲ್ಲ ನೋಡು, ಹಾಗೆ.

ಸೋತದ್ದು ಪಾಟಾ. ಟಾಂಗಾದ ಕೆಳಗೆ ನೀನು ನೋಡಿರುತ್ತೀಯ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಪೇರಿಸಿ ಬಿಗಿದಿರುತ್ತಾರೆ. ಗಾಡಿಗೂ ಅದೇ, ಸ್ವಲ್ಪ ದಪ್ಪ. ನನ್ನ ಗಾಡಿಯ ಮುಂದಿನ ಎರಡೂ ಕಡೆ ಬಿಲ್ಲು ಹೋಗಿ ಹಲಗೆಯಾಗಿತ್ತು. ಹೊಸದು ಬೇಕೆಂದರೆ ಹೈದರಾಬಾದಿಗೆ ಹೋಗಬೇಕು, ಅದಕ್ಕೆ ಬೇಕಾದ ದುಡ್ಡಿನಲ್ಲಿ ಇನ್ನೊಂದು ಮದುವೆ ಮಾಡಿಕೊಳ್ಳಬಹುದು ಎಂದು ಅವ್ವ ಅಂದಳು. ತಮಾಷೆಗೆ ಅಂದಳು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೊದಲು ಕಮ್ಮಾರ ಮಾಪಣ್ಣನ ಹತ್ತಿರ ಹೋದೆ. ಅವನಿಗೆ ದುಡ್ಡು ಬೇಡ. ಬೇಸಿಗೆಯವರೆಗೆ ಅವನ ಇದ್ದಲು ಹೇರಿಕೊಂಡು ಬಂದರೆ ಸಾಕು. ಗಾಡಿ ಎತ್ತಲು ಜ್ಯಾಕು ಇರಲಿಲ್ಲ. ಗಂಜಿನ ಹಮಾಲರು ಒಂದು ಜಾಲಿ ಮರದ ದಿಮ್ಮಿ ತಂದು, ಒಂದು ತುದಿಯನ್ನು ಗಾಡಿಯ ಕೆಳಗೆ ತೂರಿಸಿ, ಇನ್ನೊಂದು ತುದಿಯ ಮೇಲೆ ಸಾಲಾಗಿ ಕೂತು ಬೀಡಿ ಹಚ್ಚಿಕೊಂಡರು. ಅವರು ಬೀಡಿ ಸೇದಿ ಮುಗಿಸುವುದರೊಳಗೆ ನಾನು ಪಾಟಾ ಬಿಚ್ಚಿ ತೆಗೆಯಬೇಕು. ಒಬ್ಬನ ಬೀಡಿ ಬೇಗ ಮುಗಿದು ಅವನು ಎದ್ದ. ಉಗುರು ಕಪ್ಪಾದದ್ದು ಆಗ.

ಮಾಪಣ್ಣ ಪಟ್ಟಿಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಸಿ, ಬಡಿದು, ಚೆಂದಾಗಿ ಬಾಗಿಸಿದ. ಜೋಡಿಸಿದಾಗ ಗಾಡಿ ತಲೆ ಎತ್ತಿ ನಿಂತಿತು. ನನಗೆ ಕಣ್ಣಲ್ಲಿ ನೀರು ಬಂತು. ಆ ಸಂತೋಷದಲ್ಲೇ ತೊಗರಿ ಚೀಲ ಹೇರಿಕೊಂಡು ಸ್ಟೇಷನ್ನಿಗೆ ಹೋಗಿ ಬಂದೆ. ಬರುವಷ್ಟರಲ್ಲಿ ಮೂತಿ ಮತ್ತೆ ನೆಲ ನೋಡುತ್ತಿತ್ತು. ಕಾಸಿದ ಉಕ್ಕು ಮೆತ್ತಗಾಗಿ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಮಾಪಣ್ಣ ತಪ್ಪೊಪ್ಪುವ ಮನುಷ್ಯನಲ್ಲ. "ನಾ ಬಾಗಿಸಿದ ಹೊಲದ ಕುಂಟಿ, ಕುಡ ಇಡೀ ತಾಲೂಕಿನ್ಯಾಗ ಹಾಂಗೇ ಅವ. ನಿನ್ನ ಗಾಡೀಗೇ ಖಾಂದಾನಿಲ್ಲ, ನಾ ಏನ್ ಮಾಡ್ಲಿ?" ಎಂದ.

ಅದೇ ಹೊತ್ತಿಗೆ ಓಟಿನ ಗದ್ದಲ. ಉಮೇದುವಾರನೊಬ್ಬ ಗಾಡಿ ಬಾಡಿಗೆಗೆ ಕೇಳಲು ಬಂದ. ಸುತ್ತು ಹಾಕಿ ನೋಡಿ ಅವನಿಗೆ ಬಹಳ ಖುಷಿ. "ಇದೇ ಬೇಕು ನೋಡಪ, ಗಾಡಿ ಸೈತ ಮಂದಿಗಿ ಶರಣು ಮಾಡ್ಲಾಕತ್ತದ!" ಎಂದ. ನಾನು, "ಶರಣಲ್ರಿ ಅದು, ಪಾಟಾ ಸೋತದ. ಬ್ರೇಕ್ ಹೊಡದ್ರ ನೀವು ಹಾರಿ ಮಂದಿ ನಡುವ ಬೀಳ್ತೀರಿ" ಎಂದೆ. ಅವನು ಬೇರೆ ಗಾಡಿ ನೋಡಿಕೊಂಡ. ಕೈಗೆ ಬಂದ ಬಾಡಿಗೆ ಬಿಟ್ಟೆನೆಂದು ಅವ್ವ ಎರಡು ದಿನ ಗೊಣಗಿದಳು. ಕೇಳಿದವರಿಗೆ ಇದ್ದದ್ದು ಹೇಳದೆ ಇನ್ನೇನು ಹೇಳಲಿ, ನೀನೇ ಹೇಳು.

ಕೊನೆಗೆ ನಮ್ಮ ಓಣಿಯ ಟಾಂಗಾದ ಫಕ್ರುದ್ದೀನ್ ಚಾಚಾ ಕರೆದರು. ಗಲಾಟೆಯ ಮೇಲೆ ಎಷ್ಟೋ ಮನೆಯವರು ಊರು ಬಿಟ್ಟು ಹೋದದ್ದರಿಂದ ಅವರಿಗೆ ಸವಾರಿ ಕಡಿಮೆ; ಎರಡು ಟಾಂಗಾಗಳಲ್ಲಿ ಒಂದು ಗೋಡೆಗೆ ಒರಗಿ ನಿಂತಿದೆ. "ಮಾಪಣ್ಣ ಕುಂಟಿ ಮಾಡವ, ಅವನಿಗೇನ್ ಗೊತ್ತು ಸವಾರಿ? ನನ್ನ ಟಾಂಗಾದ ಪಾಟಾ ಬಿಚ್ಚಕೋ ಬೇಟಾ. ನವಾಬರ ಮಂದೀನ ಹೊತ್ತ ಮಾಲ್ ಅದ" ಎಂದರು. ಅದಕ್ಕೆ ಬದಲಾಗಿ ಅವರ ಕುದುರೆಗೆ ಹುಲ್ಲು ತಂದುಕೊಡುವ ಮಾತಾಯಿತು. ಟಾಂಗಾದ ಪಟ್ಟಿಗಳು ಅಗಲದಲ್ಲಿ ಸಣ್ಣವು, ಆದರೆ ನಡುವಿನ ತೂತು ಸರಿಯಾಗಿ ಕೂಡಿತು. ಒಂದೊಂದು ಕಡೆಗೆ ಎರಡೆರಡು ಪಟ್ಟಿ ಸೇರಿಸಿ ಬಿಗಿದೆವು. ನಮ್ಮ ಅಂಗಳದಲ್ಲೇ ಅವ್ವನ ತಂಬಿಗೆ ತುಂಬಿ ಇಟ್ಟು ನೋಡಿದೆವು. ನೀರು ಕನ್ನಡಿಯಂತೆ ನಿಂತಿತು. ಚಾಚಾ ನನ್ನನ್ನು ತಬ್ಬಿಕೊಂಡರು. ಮಾಪಣ್ಣ ದೂರದಿಂದ ನೋಡಿ ಉಗುಳಿ ಹೋದ.

ಮರುದಿನ ಗಂಜಿನಲ್ಲಿ ಸಮನಾಗಿ ಹಾಸಿದ ಶಹಾಬಾದ್ ಫರಸಿಕಲ್ಲಿನ ಮೇಲೆ ಗಾಡಿ ನಿಲ್ಲಿಸಿದರೆ ಹಮಾಲರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂತಿ ಆಕಾಶಕ್ಕೆ, ಹಿಂಭಾಗ ನೆಲಕ್ಕೆ. ಬೊಗಳಲು ಕೂತ ನಾಯಿಯ ಹಾಗೆ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಅಂಗಳ ಮೋರಿಯ ಕಡೆಗೆ ಇಳಿಜಾರು, ನೀರು ಹರಿದು ಹೋಗಲೆಂದು ಅಪ್ಪ ಬದುಕಿದ್ದಾಗ ತಾನೇ ಹಾಸಿದ ಕಲ್ಲು. ಗಾಡಿಯ ಮೂತಿ ಮೋರಿಯ ಕಡೆಗಿತ್ತು. ಹುಟ್ಟಿದಾಗಿನಿಂದ ಆ ಇಳಿಜಾರಿನಲ್ಲೇ ಸ್ನಾನ ಮಾಡಿದವನು, ಅಲ್ಲೇ ತಂಬಿಗೆ ಇಟ್ಟು ಸಮ ನೋಡಿದೆ! ಒಂದೊಂದು ಪಟ್ಟಿ ತೆಗೆದು, ಫರಸಿಯ ಮೇಲೆಯೇ ಮತ್ತೆ ತಂಬಿಗೆ ಇಟ್ಟೆವು. ಈಗ ನಿಜವಾಗಿ ನೆಟ್ಟಗಾಯಿತು. ಹನಿ ಅಲುಗಲಿಲ್ಲ.

ಅಂದೇ ನಿನ್ನನ್ನು ಕರೆಯಲು ಬರುತ್ತಿದ್ದೆ. ಆದರೆ ಅವ್ವ, "ನಿಂತಿದ್ದು ನೋಡಿದಿ, ಓಡಿದ್ದು ನೋಡೀಯೇನು?" ಎಂದಳು. ಕೂಸಿನ ತೂಕ ಎಷ್ಟಿರಬಹುದೆಂದು ಅಂದಾಜು ಮಾಡಿ ಒಂದು ಕುಂಬಳಕಾಯಿ ತಂದಳು, ಅದಕ್ಕೆ ಕೂಸಿನ ಕುಂಚಿಗೆ ತೊಡಿಸಿದಳು, ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತಳು. ಗಾಡಿ ಹೊರಡುವಷ್ಟರಲ್ಲಿ ಚಾಚಾನ ತಾಯಿ ಜೈನಾಬಿ ಬಂದರು. ಅವರಿಗೆ ಕಣ್ಣು ಮಂಜು. "ಬಂತೇನು ಮೊಮ್ಮಗ? ಮಾಶಾಲ್ಲಾ, ಎಷ್ಟು ದುಂಡಗದ!" ಎಂದು ಕುಂಬಳಕಾಯಿಯ ಕೆನ್ನೆ ಸವರಿ, ಎರಡೂ ಕೈಯಿಂದ ದೃಷ್ಟಿ ತೆಗೆದು, ತಮ್ಮ ಹಣೆಯ ಬದಿಗೆ ಒತ್ತಿ ನೆಟಿಗೆ ಮುರಿದರು. ಒಂದೂ ನೆಟಿಗೆ ತಪ್ಪಲಿಲ್ಲ. "ಬಹಳ ನಜರ್ ಆಗಿತ್ತು ನೋಡು ಪುತಳಾಬಾಯಿ" ಎಂದು ಅವ್ವನಿಗೆ ಹೇಳಿದರು. ನಾನು ಬಾಯಿ ತೆರೆದೆ, ಅದು ಕುಂಬಳಕಾಯಿ ಎಂದು ಹೇಳಲು. ಅವ್ವ ನನ್ನ ಕಾಲು ತುಳಿದಳು. ಜೀವನದಲ್ಲಿ ಒಮ್ಮೆ ಸುಮ್ಮನಿದ್ದೆ.

ಶರಣಬಸವೇಶ್ವರರ ಗುಡಿಯವರೆಗೆ ಹೋಗಿ ಬಂದೆವು. ಹೋಗುವ ದಾರಿಯಲ್ಲಿ ಅವ್ವ ಮೊದಲು ಗುಡಿಯ ಕಡೆ ಕೈ ಮುಗಿದಳು, ಆಮೇಲೆ ಮುಗಿಯಲು ಕೈಗೆ ಬಿಡುವಿರಲಿಲ್ಲ. ಪ್ರತಿ ಕಲ್ಲಿಗೂ ಗಾಡಿ ಒದೆಯುತ್ತಿತ್ತು. ಕುಂಬಳಕಾಯಿ ಅವಳ ತೊಡೆಯಿಂದ ಎದ್ದು ಎದೆಗೆ ಗುದ್ದಿ ಮತ್ತೆ ಕೂರುತ್ತಿತ್ತು. ಇಳಿದಾಗ ಅವಳ ಸೆರಗು, ತಲೆಯ ಅಂಬಾಡೆ ಎಲ್ಲ ಬಿಚ್ಚಿಹೋಗಿದ್ದವು. "ಹೆಂಗದವ್ವ?" ಎಂದೆ. "ನಿಮ್ಮಪ್ಪನ ಕೂಡ ಇಷ್ಟು ವರ್ಷ ಸಂಸಾರ ಮಾಡೀನಿ, ಇಷ್ಟು ಏಟು ತಿಂದಿದ್ದಿಲ್ಲ" ಎಂದಳು. ಕುಂಬಳಕಾಯಿಯ ತೊಟ್ಟಿನ ಹತ್ತಿರ ಒಂದು ಸೀಳು ಬಿಟ್ಟಿತ್ತು. ನಾನು ಆ ಸೀಳನ್ನೇ ನೋಡುತ್ತ ಕೂತೆ. ಅದು ಕುತ್ತಿಗೆಯ ಜಾಗ, ಶಿವಕಾಂತಾ.

ವಿಷಯ ಇಷ್ಟು. ಪಟ್ಟಿ ಹೆಚ್ಚಿದರೆ ಗಾಡಿ ಎತ್ತರ ನಿಲ್ಲುತ್ತದೆ, ಆದರೆ ಬಿರುಸಾಗುತ್ತದೆ. ನೆಲದ ಏಟನ್ನು ತಾನು ನುಂಗದೆ ಕೂತವರಿಗೆ ದಾಟಿಸುತ್ತದೆ. ಪಟ್ಟಿ ತೆಗೆದರೆ ಮೆತ್ತಗಾಗುತ್ತದೆ, ಆದರೆ ತಗ್ಗುತ್ತದೆ. ಎರಡೂ ಬೇಕೆಂದರೆ ಹೈದರಾಬಾದಿನ ಹೊಸ ಪಾಟಾ ಬೇಕು. ಚಾಚಾ, ಹಮಾಲರು ಎಲ್ಲರೂ ಒಂದೇ ಮಾತು ಹೇಳಿದರು: "ನಿಮ್ಮ ಮಾವ ಕೇಳಿದ್ದು ನೆಟ್ಟಗ ನಿಂದ್ರಬೇಕಂತ. ನಿಂತದ. ಮೆತ್ತಗಿರಬೇಕಂತ ಕೇಳ್ಯಾನೇನು? ಬಾಯಿ ಮುಚ್ಕೊಂಡು ಹೋಗಿ ಹೆಣ್ತಿನ್ನ ಕರ್ಕೊಂಡು ಬಾ." ಮಾತು ಸರಿಯಾಗಿಯೇ ಇತ್ತು. ನಾನು ನಾಲ್ಕು ದಿನ ಆ ಮಾತನ್ನು ಹೊತ್ತುಕೊಂಡು ತಿರುಗಾಡಿದೆ. ನಿನ್ನನ್ನು ನೋಡದೆ ಬಹಳ ದಿನವಾಗಿದೆ, ಮಗನ ಮುಖ ಸರಿಯಾಗಿ ನೆನಪಿಗೇ ಬರುವುದಿಲ್ಲ. ಕಣ್ಣು ಮುಚ್ಚಿದರೆ ಕುಂಚಿಗೆ ತೊಟ್ಟ ಕುಂಬಳಕಾಯಿಯೇ ಕಾಣುತ್ತದೆ. ಆದರೂ ಕಮಲಾಪುರದಿಂದ ಇಲ್ಲಿಯವರೆಗಿನ ರಸ್ತೆಯಲ್ಲಿ ಎಷ್ಟು ಕಲ್ಲುಗಳಿವೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊನ್ನೆ ಟಾಂಗಾದ ಪಟ್ಟಿಗಳನ್ನೆಲ್ಲ ಬಿಚ್ಚಿಬಿಟ್ಟೆ. ಒಂದೊಂದು ಕಡೆಗೆ ಒಂದು ಗಿಡ್ಡ ತುಂಡನ್ನು ಮಾತ್ರ ಉಳಿಸಿಕೊಂಡು, ಪಟ್ಟಿಗಳ ತುಕ್ಕು ಉಜ್ಜಿ, ನಡುನಡುವೆ ಔಡಲೆಣ್ಣೆ ಸವರಿ ಜೋಡಿಸಿದೆ. ಚಾಚಾ ಸಿಟ್ಟಿನಿಂದ, "ನನ್ನ ಟಾಂಗಾದ ಇಜ್ಜತ್ ತೆಗದಿ" ಎಂದು ಬೈದರು, ಆದರೆ ಎಣ್ಣೆ ಸವರಿದ್ದು ಅವರೇ. ಈಗ ಮೂತಿ ಮೊದಲಿನಷ್ಟು ತಗ್ಗಿಲ್ಲ. ಹಿಂಭಾಗಕ್ಕಿಂತ ಎರಡು ಬೆರಳು ತಗ್ಗು, ನನ್ನ ಬೆರಳಲ್ಲಿ. ಮತ್ತೆ ಅವ್ವನನ್ನು, ಕುಂಬಳಕಾಯಿಯನ್ನು ಕೂಡಿಸಿಕೊಂಡು ಗುಡಿಗೆ ಹೋಗಿ ಬಂದೆ. ಮನೆಯ ಮುಂದೆ ನಿಲ್ಲಿಸಿದಾಗ ಅವ್ವ ಇಳಿಯಲಿಲ್ಲ. ನೋಡಿದರೆ ಕುಂಬಳಕಾಯಿಯನ್ನು ತಬ್ಬಿಕೊಂಡು ನಿದ್ದೆ ಹೋಗಿದ್ದಾಳೆ. ಎಬ್ಬಿಸಿದರೆ, "ಇನ್ನಾ ಹೊಂಟಿಲ್ಲೇನು?" ಎಂದಳು. ನಿನ್ನೆ ಆ ಕುಂಬಳಕಾಯಿಯ ಪಲ್ಯ ಮಾಡಿದಳು. ಜೈನಾಬಿಯವರ ಮನೆಗೂ ಕೊಟ್ಟಳು. ನನಗೆ ಮಾತ್ರ ತುತ್ತು ಇಳಿಯಲಿಲ್ಲ.

ಇನ್ನು ಮಾವನವರ ತಂಬಿಗೆಯ ಮಾತು. ಅದು ಚೆಲ್ಲುತ್ತದೆ, ನನಗೆ ಗೊತ್ತು. ಚಾಚಾ ಅದಕ್ಕೂ ಉಪಾಯ ಹೇಳಿಕೊಟ್ಟರು. ನಿಮ್ಮ ಅಂಗಳವೂ ಬಾವಿಯ ಕಡೆಗೆ ಇಳಿಜಾರಂತೆ, ಅತ್ತೆಯನ್ನು ಕೇಳಿ ತಿಳಿದುಕೊಂಡರು. "ಬಾಗಿಲ ಕಡಿ ಎತ್ತರ ಅದ, ಮೂತಿ ಅತ್ತ ಮಾಡಿ ನಿಂದ್ರಸು ಬೇಟಾ, ಎರಡು ಬೆರಳು ತಾನೇ ಮುಚ್ಚಿಹೋಗ್ತದ" ಎಂದರು. ಅತ್ತೆ ಕೂಡ, "ಹೌದ್ರಿ ಅಳಿಯಂದಿರ, ನಮ್ಮಣ್ಣಗ ಅದೇನ್ ತಿಳೀತದ" ಎಂದು ನಕ್ಕರು. ಗಾಡಿಯನ್ನು ನಾನು ಅಂಗಳಕ್ಕೆ ತರುವುದಿಲ್ಲ. ಚಾವಡಿಯ ಮುಂದಿನ ಸಮತಟ್ಟು ಜಾಗದಲ್ಲಿ, ಎಲ್ಲರೂ ನೋಡುವ ಹಾಗೆ ನಿಲ್ಲಿಸುತ್ತೇನೆ. ಮಾವನವರೇ ತಂಬಿಗೆ ಇಡಲಿ. ನೀರು ಎರಡು ಬೆರಳು ಮುಂದಕ್ಕೆ ಚೆಲ್ಲುತ್ತದೆ, ಯಾಕೆ ಚೆಲ್ಲುತ್ತದೆ ಎಂಬುದನ್ನು ಕುಂಬಳಕಾಯಿಯ ಸಮೇತ ಅವರಿಗೆ ಹೇಳುತ್ತೇನೆ. ಅವರು ಕೇಳಿದರೆ ಕೇಳಿದರು. ಇಲ್ಲವಾದರೆ ಇಲ್ಲ.

ಅತ್ತೆಯವರಿಗೆ, ಮಾವನವರಿಗೆ ನನ್ನ ಶರಣು ಹೇಳು. ಕೂಸಿಗೆ ನೂರು ವರ್ಷ ಆಯುಷ್ಯವಾಗಲಿ, ಅದರ ಎರಡೂ ಅಂಗಾಲಿಗೆ ನನ್ನ ಮುದ್ದು. ನೀನು ಎಣ್ಣೆನೀರು ಬಿಡಬೇಡ, ಬೆನ್ನಿಗೆ ಕೌದಿ ಹೊದ್ದುಕೊಂಡೇ ಕೂರು.

ನಿನ್ನವನು,
ಯಂಕಪ್ಪ

ತಾ. ಕ.: ಕಸ್ತೂರಿಬಾಯಿ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, "ಬಸ್ಸು ನಮ್ಮಣ್ಣಂದಲ್ರಿ, ನಿಮ್ಮ ಸಲುವಾಗಿ ನಿಂದ್ರಂಗಿಲ್ಲ" ಎಂದು ಕೂಗುತ್ತಿದ್ದಾರೆ. ಮುಖ್ಯವಾದದ್ದನ್ನೇ ಬರೆದಿಲ್ಲ. ಗಾಡಿ ಹೇಗಿರಬೇಕೆಂದು ಮಾವನವರು ಹೇಳಿದರು, ಮಾಪಣ್ಣ ಹೇಳಿದ, ಚಾಚಾ ಹೇಳಿದರು, ಅವ್ವ ಹೇಳಿದಳು, ನಾನೂ ಹೇಳಿದೆ. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಅಷ್ಟು ದೂರ ಕೂರುವವಳು ನೀನು. ನಿನ್ನನ್ನು ಯಾರೂ ಕೇಳಲಿಲ್ಲ. ನಾಳೆ ಮೊದಲು ನೀನೊಬ್ಬಳೇ ಹತ್ತಿ ಕೂತು ತೋಟದವರೆಗೆ ಒಂದು ಸುತ್ತು ಬಂದು ನೋಡು. ಇಳಿದ ಮೇಲೆ ಹೂಂ ಅಂದರೆ ಕೂಸನ್ನು ಎತ್ತಿಕೊಳ್ಳೋಣ. ಬೇಡ ಅಂದರೆ ಬಾಳೆಗೊನೆ ಹೇರಿಕೊಂಡು ಒಬ್ಬನೇ ಮರಳುತ್ತೇನೆ, ಮುಖ ಊದಿಸಿಕೊಳ್ಳುವುದಿಲ್ಲ. ಸ್ವಲ್ಪ ಊದಿಸಿಕೊಂಡೇನು, ಆದರೆ ಊರು ದಾಟಿದ ಮೇಲೆ. ನಾಳೆ ನಸುಕಿಗೆ ಹೊರಡುತ್ತೇನೆ.